ಮನಸ್ಸಿನ ಗಾಯ ಮಾಯುವ ಬಗೆ

ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆದರೆ ಗಾಯ ನಾಲ್ಕು ದಿನಗಳಲ್ಲಿ ಮಾಯುತ್ತದೆ. ಮುಳ್ಳು ಒಳಗೇ ಮುರಿದು ಉಳಿದರೆ, ಮೇಲಿನ ಚರ್ಮ ಕೂಡಿಕೊಂಡರೂ ಒಳಗೆ ಕೀವು ಕಟ್ಟುತ್ತದೆ. ಮನಸ್ಸಿಗೂ ಇಂತಹ ಗಾಯಗಳಾಗುವುದುಂಟು. ವಾಹನ ಅಪಘಾತ, ನೆರೆ, ಹಲ್ಲೆ, ಕಣ್ಣೆದುರಿನ ಸಾವು ಇವುಗಳಿಂದ ಪಾರಾಗಿ ಬಂದವರ ಮೈಮೇಲೆ ಒಂದು ಗೀರೂ ಇಲ್ಲದಿರಬಹುದು. ನೋವು ಒಳಗೆ ಉಳಿದಿರಬಹುದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳಲ್ಲಿ ಗುಡ್ಡ ಕುಸಿದುದನ್ನು ನಾವೆಲ್ಲ ಬಲ್ಲೆವು. ಅಂತಹ ರಾತ್ರಿಯನ್ನು ಕಂಡವರಿಗೆ ಮುಂದೆ ಮಾಡಿನ ಮೇಲೆ ಮಳೆ ಸುರಿಯುವ ಸದ್ದು ಕೇಳಿದರೂ ಎದೆ ಹೊಡೆದುಕೊಂಡರೆ ಆಶ್ಚರ್ಯವಿಲ್ಲ.

ಹೀಗೇಕೆ ಆಗುತ್ತದೆ? ಅಪಾಯ ಎದುರಾದಾಗ ಮಿದುಳು ದೇಹವನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತದಲ್ಲಿ ಸೇರುತ್ತದೆ, ಎದೆಬಡಿತ ಏರುತ್ತದೆ, ಓಡಲು ಅಥವಾ ಎದುರಿಸಲು ಸ್ನಾಯುಗಳು ಬಿಗಿಯುತ್ತವೆ. ಅಪಾಯ ಕಳೆದ ಮೇಲೆ ಇದೆಲ್ಲ ಶಾಂತವಾಗಬೇಕು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಹಾಗೆಯೇ ಆಗುತ್ತದೆ. ಕೆಲವರಲ್ಲಿ ಮಾತ್ರ ಹಳೆಯ ಘಟನೆ ಈಗಲೇ ನಡೆಯುತ್ತಿರುವಂತೆ ಕಣ್ಣ ಮುಂದೆ ಬರುತ್ತದೆ. ಕೆಟ್ಟ ಕನಸು, ನಿದ್ರೆಗೇಡು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಜಾಗದ ಕಡೆ ಹೋಗಲೊಲ್ಲದಿರುವುದು ಇವು ಅದರ ಲಕ್ಷಣಗಳು. ಒಂದು ತಿಂಗಳು ಕಳೆದರೂ ಇವು ಬಿಡದೆ ಕಾಡಿ, ದಿನದ ಬಾಳಿಗೆ ಅಡ್ಡಿಯಾದರೆ ಅದನ್ನು ಪಿ.ಟಿ.ಎಸ್.ಡಿ. ಎಂಬ ಕಾಯಿಲೆಯೆಂದು ವೈದ್ಯರು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು ಈ ಹೆಸರನ್ನು ತನ್ನ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ಇದು ಹೇಡಿತನವಲ್ಲ, ಕಾಯಿಲೆ.

ಇದಕ್ಕೆ ಮದ್ದುಂಟೇ? ಉಂಟು. ನುರಿತ ಚಿಕಿತ್ಸಕರ ಎದುರು ಕುಳಿತು ಮಾತಾಡುವುದು ಒಂದು ವಿಧಾನ. ಆದರೆ ಎಲ್ಲ ಊರುಗಳಲ್ಲೂ ಅಂತಹವರು ಸಿಗುವುದಿಲ್ಲ. ಆದುದರಿಂದ ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಾರ್ಡಿಫ್ ವಿಶ್ವವಿದ್ಯಾನಿಲಯದವರು ಅಂತರಜಾಲದ ಮೂಲಕ ಮನೆಯಲ್ಲೇ ಅಭ್ಯಾಸ ಮಾಡಬಹುದಾದ ‘ಸ್ಪ್ರಿಂಗ್’ ಎಂಬ ಪಾಠಕ್ರಮವನ್ನು ರೂಪಿಸಿದರು. ಅದರಲ್ಲಿ ಎಂಟು ಮೆಟ್ಟಿಲುಗಳಿವೆ:

1. ತನಗೆ ಆಗಿರುವುದೇನೆಂದು ತಿಳಿಯುವುದು.
2. ಹಳೆಯ ನೆನಪು ಎಳೆದೊಯ್ಯುವಾಗ ಮನಸ್ಸನ್ನು ಈ ಕ್ಷಣಕ್ಕೆ ತಂದು ನಿಲ್ಲಿಸುವುದು.
3. ಉಸಿರಾಟ ಮೊದಲಾದ ಅಭ್ಯಾಸಗಳಿಂದ ಆತಂಕವನ್ನು ಹಿಡಿತಕ್ಕೆ ತರುವುದು.
4. ಬಿಟ್ಟುಹೋದ ಕೆಲಸ, ಗೆಳೆತನ, ಹವ್ಯಾಸಗಳನ್ನು ಮತ್ತೆ ಆರಂಭಿಸುವುದು.
5. ನಡೆದ ಘಟನೆಯನ್ನು ಬರೆದು, ಮತ್ತೆ ಮತ್ತೆ ಓದುವುದು.
6. ‘ತಪ್ಪೆಲ್ಲ ನನ್ನದೇ’ ಎಂಬಂತಹ ಯೋಚನೆಗಳನ್ನು ಪರೀಕ್ಷಿಸಿ ತಿದ್ದುವುದು.
7. ದೂರವಿಟ್ಟ ಜಾಗ, ಸಂದರ್ಭಗಳನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು.
8. ಗುಣವಾದುದನ್ನು ಉಳಿಸಿಕೊಳ್ಳುವುದು.

ಐದನೆಯ ಮತ್ತು ಏಳನೆಯ ಮೆಟ್ಟಿಲುಗಳನ್ನು ಗಮನಿಸಿರಿ. ಭಯವನ್ನು ಕಂಡು ಓಡಿದಷ್ಟೂ ಅದು ಬೆಳೆಯುತ್ತದೆ. ಮನಸ್ಸು ತಡೆದುಕೊಳ್ಳುವಷ್ಟೇ ಹತ್ತಿರ ಹೋದರೆ, ‘ಅದು ಅಂದು ನಡೆದದ್ದು, ಇಂದು ನಡೆಯುತ್ತಿಲ್ಲ’ ಎಂದು ಮನಸ್ಸು ಕಲಿಯುತ್ತದೆ. ನೆನಪು ಅಳಿಯುವುದಿಲ್ಲ, ಅದರ ಮೊನೆ ಮೊಂಡಾಗುತ್ತದೆ.

ಈ ಕ್ರಮದ ಪರೀಕ್ಷೆಯೂ ನಡೆಯಿತು. ಒಂದೇ ದುರ್ಘಟನೆಯಿಂದ ಈ ಕಾಯಿಲೆಗೆ ತುತ್ತಾದ 196 ಮಂದಿ ವಯಸ್ಕರನ್ನು ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪಿನವರಿಗೆ ಎದುರು ಕೂರಿಸಿ ಚಿಕಿತ್ಸೆ, ಇನ್ನೊಂದಕ್ಕೆ ಸ್ಪ್ರಿಂಗ್. 16 ವಾರಗಳ ಬಳಿಕ ನೋಡಿದಾಗ ಸ್ಪ್ರಿಂಗ್ ಹಿಂದೆ ಬಿದ್ದಿರಲಿಲ್ಲ. ಈ ಫಲಿತಾಂಶ 2022ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಇಲ್ಲಿ ಒಂದು ಮುಖ್ಯ ವಿಷಯವಿದೆ. ಅಭ್ಯಾಸ ಮಾಡುವವರು ಒಂಟಿಯಾಗಿರಲಿಲ್ಲ. ಚಿಕಿತ್ಸಕರೊಬ್ಬರು ಸುಮಾರು ಮೂರು ಗಂಟೆಗಳಷ್ಟು ಸಮಯವನ್ನು ಹಲವು ಸಲಗಳಲ್ಲಿ ಕೊಟ್ಟು ದಾರಿ ತೋರಿದ್ದರು. ಈಜು ಕಲಿಯುವವನು ಕೈಕಾಲು ಬಡಿಯಬೇಕಾದವನು ತಾನೇ. ಆದರೂ ಹೊಟ್ಟೆಯ ಕೆಳಗೆ ಕೈಯಾನಿಸಿ ಹಿಡಿಯುವವರು ಒಬ್ಬರು ಬೇಕಷ್ಟೆ! ಆದುದರಿಂದ ಐದನೆಯ ಮೆಟ್ಟಿಲಿನಂತಹ ಅಭ್ಯಾಸಗಳನ್ನು ಮಕ್ಕಳು ತಾವಾಗಿಯೇ ಮಾಡಿ ನೋಡಕೂಡದು. ಮನೆಯಲ್ಲೋ ಹೊರಗೋ ಯಾರಾದರೂ ಈಗಲೂ ಹಿಂಸೆ ಕೊಡುತ್ತಿದ್ದರೆ ಮೊದಲು ಬೇಕಾದುದು ರಕ್ಷಣೆ. ಅದಕ್ಕೆ 1098 ಮಕ್ಕಳ ಸಹಾಯವಾಣಿಯಿದೆ. ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ, ಕನ್ನಡದಲ್ಲಿಯೂ ಮಾತಾಡಬಹುದು.

ಹೆತ್ತವರಲ್ಲಿ ಒಂದು ಮಾತು. ಮಗು ನಡೆದುದನ್ನು ಹೇಳಹೊರಟಾಗ ‘ಅದನ್ನೆಲ್ಲ ಮರೆತುಬಿಡು’ ಎಂದು ಬಾಯಿ ಮುಚ್ಚಿಸಬೇಡಿ; ಹೇಳಲೊಲ್ಲದಾಗ ಕೆದಕಲೂ ಬೇಡಿ. ಹೊತ್ತಿಗೆ ಊಟ, ನಿದ್ರೆ, ಆಟ, ಶಾಲೆ ನಡೆಯುವಂತೆ ನೋಡಿಕೊಂಡು, ಹೇಳಿದಾಗ ಸಮಾಧಾನದಿಂದ ಕೇಳಿ. ತಿಂಗಳು ಕಳೆದರೂ ಕಾಡಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲು ನಾಚದ ನಾವು ಇದಕ್ಕೇಕೆ ನಾಚಬೇಕು?

ಯೋಚಿಸಿರಿ:
1. ಭಯದಿಂದ ಓಡಿದಷ್ಟೂ ಭಯ ಬೆಳೆಯುವುದೇಕೆ?
2. ಸ್ವಂತ ಅಭ್ಯಾಸಕ್ಕೂ ಮಾರ್ಗದರ್ಶಕರು ಬೇಕೆನ್ನುವುದೇಕೆ?
3. ಗೆಳೆಯನೊಬ್ಬ ತನ್ನ ಕಷ್ಟ ಹೇಳಿಕೊಂಡರೆ ನೀವು ಮಾಡಬೇಕಾದುದೇನು? ಮಾಡಬಾರದುದೇನು?