ಪಕ್ಕದ ಕೋಣೆಯ ರಿಮೋಟು

ಪುಟ್ಟಾ,

ನೀನು ಕಳಿಸಿದ ಕಿರುಚಿತ್ರ ನೋಡಿದೆ ಕಣೋ. ಎರಡು ಸಲ ನೋಡಿದೆ. ಫೋನಿನಲ್ಲಿ "ಚೆನ್ನಾಗಿದೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ, ನಿನಗೆ ಬೇಜಾರಾಗಿರಬೇಕು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಈ ಕಾಗದ.

ತಂಗಿಯನ್ನು ಕೊಂದವನು ಇವನೇ ಎಂದು ನಂಬಿದ ಅಣ್ಣ, ಹಿತ್ತಿಲ ಕೋಣೆಯಲ್ಲಿ ಕಟ್ಟಿಹಾಕಿದ ಹುಡುಗ, ಕೈಯಲ್ಲಿ ಅಡಕತ್ತರಿ. ಒಂದಾದ ಮೇಲೊಂದು ಬೆರಳು. 22 ನಿಮಿಷದ ಚಿತ್ರದಲ್ಲಿ 4 ನಿಮಿಷ ಅದೇ. ಮೊದಲ ಬೆರಳಿಗೆ ಎದೆ ಝಲ್ಲೆಂದಿತು. ಎರಡನೆಯದಕ್ಕೆ ಮುಖ ತಿರುಗಿಸಿದೆ. ಮೂರನೆಯದರ ಹೊತ್ತಿಗೆ ಆ ಹುಡುಗನ ಗತಿ ಏನೆಂಬುದು ಮನಸ್ಸಿನಿಂದ ಜಾರಿ, ಈ ದೃಶ್ಯ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಾ ಕೂತಿದ್ದೆ. ನೋಯುತ್ತಿರುವ ಮನುಷ್ಯನನ್ನು ನೋಡುಗ ಮರೆತುಬಿಡುವುದಕ್ಕಿಂತ ದೊಡ್ಡ ಸೋಲು ಇಂಥ ಚಿತ್ರಕ್ಕೆ ಇನ್ನೊಂದಿಲ್ಲ.

ಹಿಚ್‌ಕಾಕನ 'ಸೈಕೊ' ನಿನಗೆ ಬಾಯಿಪಾಠ ಅಂತ ಗೊತ್ತು. 1960ರ ಚಿತ್ರ. ಬಚ್ಚಲಮನೆಯ ಕೊಲೆ ಮುಕ್ಕಾಲು ನಿಮಿಷದ್ದು, ಅದಕ್ಕೆ ಏಳು ದಿನ ಚಿತ್ರೀಕರಣ. ನೆತ್ತರಿನ ಬದಲು ಚಾಕೊಲೇಟ್ ಸಿರಪ್, ಮಿಕ್ಕಿದ್ದೆಲ್ಲ ಕತ್ತರಿ ಮತ್ತು ಪಿಟೀಲಿನ ಕೆಲಸ. ನಿಮ್ಮ ವಯಸ್ಸಿನವರು ಅಷ್ಟನ್ನೇ ಮಾತಾಡುತ್ತೀರಿ. ನಾನು ಹೇಳಬೇಕೆಂದಿರುವುದು ಆಮೇಲಿನದರ ಬಗ್ಗೆ. ಮೋಟೆಲು ನಡೆಸುವ ನಾರ್ಮನ್ ನೆಲ ಒರೆಸುತ್ತಾನೆ, ಕೈ ತೊಳೆಯುತ್ತಾನೆ, ಹೆಣವನ್ನು ಸುತ್ತಿ ಕಾರಿನ ಡಿಕ್ಕಿಗೆ ಹಾಕುತ್ತಾನೆ. ಕೊಲೆಗೆ ಹಿಡಿದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಈ ಒರೆಸುವ ಕೆಲಸಕ್ಕೆ. ಮನೆಗೆಲಸ ಮಾಡಿದವರಿಗೆ ಗೊತ್ತು, ಬೇರೆಯವರು ಮನಸ್ಸಿಟ್ಟು ನೆಲ ಒರೆಸುವುದನ್ನು ನೋಡುತ್ತಿದ್ದರೆ ನಮಗರಿವಿಲ್ಲದೆ ಅವರ ಜೊತೆಗೆ ಸೇರಿಬಿಡುತ್ತೇವೆ, ಆ ಮೂಲೆಯಲ್ಲಿ ಇನ್ನೊಂದಿಷ್ಟು ಉಳಿದಿದೆ ನೋಡು ಅನ್ನಿಸುತ್ತದೆ. ಆಮೇಲೆ ಕಾರನ್ನು ಜೌಗಿಗೆ ತಳ್ಳುತ್ತಾನೆ. ಅದು ಮುಳುಗುತ್ತಾ ಮುಳುಗುತ್ತಾ ಅರ್ಧಕ್ಕೆ ನಿಂತುಬಿಡುತ್ತದೆ. ಆಗ ನಾವು ಉಸಿರು ಹಿಡಿಯುತ್ತೇವಲ್ಲ, ಅದು ಯಾರ ಪರವಾಗಿ? ಸ್ವಲ್ಪ ಹೊತ್ತಿನ ಹಿಂದೆ ಒಬ್ಬ ಹೆಣ್ಣುಮಗಳು ಸತ್ತದ್ದನ್ನು ಕಣ್ಣಾರೆ ಕಂಡಿದ್ದೇವೆ. ಅವಳ ಹೆಣವಿರುವ ಕಾರು ಮುಳುಗಲಿ ಎಂದು ಈಗ ಹಾರೈಸುತ್ತಿದ್ದೇವೆ. ಅದು ಮುಳುಗಿದಾಗ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲ. ಚೂರಿಗೆ ಅಲ್ಲ.

ಅದೇ ವರ್ಷ ಮೈಕೆಲ್ ಪೊವೆಲ್ 'ಪೀಪಿಂಗ್ ಟಾಮ್' ತೆಗೆದ. ಸಾಯುವವರ ಭಯವನ್ನು ಕ್ಯಾಮೆರಾದಲ್ಲಿ ಹಿಡಿಯುವ ಕೊಲೆಗಾರನ ಕಥೆ. ಇಂಗ್ಲೆಂಡಿನ ವಿಮರ್ಶಕರು ಪೊವೆಲ್‌ನನ್ನು ಹರಿದು ತಿಂದರು, ಅವನ ವೃತ್ತಿಗೆ ದೊಡ್ಡ ಪೆಟ್ಟು ಬಿತ್ತು. ಕ್ಯಾಮೆರಾ ಮುಟ್ಟಿದವರೆಲ್ಲ ಅದನ್ನೊಮ್ಮೆ ನೋಡಲೇಬೇಕು, ನೀನೂ.

ನಮ್ಮಲ್ಲೇ 'ದೃಶ್ಯ' ಬಂತಲ್ಲ, 2014ರಲ್ಲಿ, ಮಲಯಾಳಂನಿಂದ. ರವಿಚಂದ್ರನ್ ಕುಟುಂಬ ಪೊಲೀಸರ ಕೈಗೆ ಸಿಗದಿರಲಿ ಎಂದು ಇಡೀ ಥಿಯೇಟರ್ ದೇವರಿಗೆ ಹರಕೆ ಹೊತ್ತ ಹಾಗೆ ಕೂತಿತ್ತು. ಕೊನೆಗೆ ಅವರ ಕೈಯಲ್ಲಿ ಸತ್ತ ಹುಡುಗನ ತಾಯಿ, ಪೊಲೀಸ್ ಅಧಿಕಾರಿಯಾಗಿದ್ದವಳು, ಬಂದು ಎದುರಿಗೆ ನಿಲ್ಲುತ್ತಾಳೆ. ಪೊಲೀಸ್ ಸಮವಸ್ತ್ರ ಇಲ್ಲ, ಮಗ ಬದುಕಿದ್ದಾನೋ ಇಲ್ಲವೋ ಎಂದಷ್ಟೇ ತಿಳಿಯಬೇಕು. ಆಗ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಹೊತ್ತೂ ಅವರು ಈ ಕಡೆಯವರ ಪಕ್ಷ. ರಕ್ತವನ್ನು ನೆಚ್ಚಿಕೊಳ್ಳದೆಯೂ ಮನಸ್ಸನ್ನು ಹೀಗೆ ಎರಡು ಹೋಳು ಮಾಡಬಹುದು.

ರಕ್ತವೇ ಬೇಡ ಎನ್ನುವ ಮಡಿವಂತಿಕೆ ನನ್ನದಲ್ಲ. ನಮ್ಮ ರನ್ನ ಸಾವಿರ ವರ್ಷದ ಹಿಂದೆಯೇ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ಗದಾಯುದ್ಧದ ಆ ರಣರಂಗದಲ್ಲಿ ನೆತ್ತರಿಗೆ ಬರವಿಲ್ಲ. ಆದರೆ ದುರ್ಯೋಧನ ದ್ರೋಣರ ಮುಂದೆ ನಿಲ್ಲುತ್ತಾನೆ, ಮಗನ ಮುಂದೆ, ತಮ್ಮನ ಮುಂದೆ, ಕರ್ಣನ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿಗೂ ಕೈ ಮುಗಿಯುತ್ತಾನೆ. ಅಲ್ಲಿ ಬಿದ್ದಿರುವ ಒಂದೊಂದು ಹೆಣಕ್ಕೂ ಹೆಸರಿದೆ. ನಿನ್ನ ಹುಡುಗನಿಗೆ ಹೆಸರೇನು, ಪುಟ್ಟಾ? ಎರಡು ಸಲ ನೋಡಿದರೂ ನನಗೆ ಗೊತ್ತಾಗಲಿಲ್ಲ. ಕೊಲೆಯಾದ ತಂಗಿಯೂ ಒಂದು ಫೋಟೊ, ಒಂದು ಹಾರ, ಅಷ್ಟೇ. ಫ್ರಿಟ್ಜ್ ಲಾಂಗ್ 1931ರ 'ಎಮ್' ಚಿತ್ರದಲ್ಲಿ ಮಗುವಿನ ಕೊಲೆಯನ್ನು ತೋರಿಸಲೇ ಇಲ್ಲ. ತಾಯಿ ಊಟಕ್ಕೆ ತಟ್ಟೆ ಇಟ್ಟು, ಮೆಟ್ಟಿಲ ಕಡೆ ಮುಖ ಮಾಡಿ ಮಗಳ ಹೆಸರು ಕೂಗುತ್ತಾಳೆ. ಖಾಲಿ ತಟ್ಟೆ. ಹುಲ್ಲಿನ ಮೇಲೆ ಉರುಳುವ ಚೆಂಡು. ತಂತಿಗೆ ಸಿಕ್ಕಿಕೊಂಡ ಬಲೂನು. ಮುಗಿಯಿತು.

ಈಗ ನಿನ್ನ ಕಥೆಗೆ ತೀರ ಹತ್ತಿರದ ಚಿತ್ರಕ್ಕೆ ಬರುತ್ತೇನೆ. ಡೆನಿ ವಿಲ್ನವ್ 2013ರಲ್ಲಿ ತೆಗೆದ 'ಪ್ರಿಸನರ್ಸ್'. ಇಬ್ಬರು ಪುಟ್ಟ ಹುಡುಗಿಯರು ಕಾಣೆಯಾಗುತ್ತಾರೆ. ಅವರಲ್ಲೊಬ್ಬಳ ಅಪ್ಪ, ಮರಗೆಲಸದವನು, ದೇವರಲ್ಲಿ ನಂಬಿಕೆಯುಳ್ಳವನು. ಪೊಲೀಸರು ಸಾಕ್ಷ್ಯ ಸಾಲದೆ ಬಿಟ್ಟ ಹುಡುಗನನ್ನು ಎಳೆದೊಯ್ದು ಪಾಳುಮನೆಯಲ್ಲಿ ಕೂಡಿಹಾಕುತ್ತಾನೆ. ಆ ಹುಡುಗನ ಬುದ್ಧಿ ಇನ್ನೂ ಮಗುವಿನದು. ಹೊಡೆತ ಕ್ರೂರವಾಗಿದೆ, ನೋಡಲಾಗದು. ಆದರೆ ಚಿತ್ರದ ಎದೆ ಇರುವುದು ಇನ್ನೊಂದು ಹುಡುಗಿಯ ಅಪ್ಪ ಅಮ್ಮನಲ್ಲಿ. ಅವರಿಗೂ ಮಗಳು ಬೇಕು. ಅಮ್ಮ ಒಂದು ತೀರ್ಮಾನಕ್ಕೆ ಬರುತ್ತಾಳೆ: ನಾವು ಅವನಿಗೆ ಸಹಾಯ ಮಾಡುವುದೂ ಬೇಡ, ಅವನನ್ನು ತಡೆಯುವುದೂ ಬೇಡ. ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಹೊಡೆಯುವವಳು ನಾನಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ತಡೆಯದೆ ಕೂರುವವಳು ನಾನಲ್ಲ ಎನ್ನುವ ಧೈರ್ಯ ನನಗಿಲ್ಲ. ಪೆಟ್ಟು ತಿಂದ ಹುಡುಗನೂ ಚಿಕ್ಕಂದಿನಲ್ಲಿ ಹೀಗೇ ಕಳವಾದ ಮಗುವೆಂದು ಕೊನೆಗೆ ತಿಳಿಯುವಾಗ, ಅವನಿಗೆ ಪೆಟ್ಟು ಬೀಳುತ್ತಿದ್ದಾಗ ನಾವು ಮನಸ್ಸಿನಲ್ಲಿ ಏನೇನು ಲೆಕ್ಕ ಹಾಕಿದ್ದೆವು ಎಂಬುದೆಲ್ಲ ನಮ್ಮ ಮೇಲೇ ತಿರುಗಿ ಬೀಳುತ್ತದೆ.

ಇದನ್ನು ನಿನಗೆ ಯಾಕೆ ಹೇಳಿದೆ ಗೊತ್ತೆ? ನಿನ್ನ ಚಿತ್ರದಲ್ಲೂ ಅಂಥವಳೊಬ್ಬಳು ಇದ್ದಾಳೆ. ಹಿತ್ತಿಲ ಕೋಣೆಯಿಂದ ಕೂಗು ಕೇಳಿಸಿದಾಗ ನಡುಮನೆಯಲ್ಲಿ ಕೂತ ತಾಯಿ ರಿಮೋಟು ಎತ್ತಿಕೊಂಡು ಧಾರಾವಾಹಿಯ ಸದ್ದು ಜಾಸ್ತಿ ಮಾಡುತ್ತಾಳೆ. ಮೂರು ಸೆಕೆಂಡು ಇದೆಯೋ ಇಲ್ಲವೋ. ನೀನು ಅದನ್ನು ತೋರಿಸಿ ತಕ್ಷಣ ಅಡಕತ್ತರಿಗೆ ವಾಪಸ್ ಓಡಿಬಿಟ್ಟೆ. ನಾನು ಎರಡನೆಯ ಸಲ ಚಿತ್ರ ಹಾಕಿದ್ದೇ ಆ ಮೂರು ಸೆಕೆಂಡಿಗಾಗಿ. ಅವಳಿಗೆ ಎಲ್ಲ ಗೊತ್ತು. ಸತ್ತವಳು ಅವಳ ಮಗಳು, ಕೊಲ್ಲುತ್ತಿರುವವನು ಅವಳ ಮಗ, ಕೂಗುತ್ತಿರುವವನು ಯಾರದೋ ಮಗ. ಎದ್ದು ಹೋಗಿ ಬಾಗಿಲು ತಟ್ಟಬಹುದು. ತಟ್ಟುವುದಿಲ್ಲ.

ಕ್ಯಾಮೆರಾವನ್ನು ಅವಳ ಹತ್ತಿರ ಕೂರಿಸು. ಕೂಗು ಗೋಡೆಯಾಚೆಯಿಂದಲೇ ಬರಲಿ. ಅವಳು ಅವರೆಕಾಯಿ ಸುಲಿಯುತ್ತಿರಲಿ, ಬೇಕಾದರೆ ಒಮ್ಮೆ ಏಳಲಿ, ಬಾಗಿಲವರೆಗೆ ಹೋಗಲಿ, ಹಿಂದಿರುಗಲಿ. ಆ ನಾಲ್ಕು ನಿಮಿಷವನ್ನು ಪೂರ್ತಿ ಅವಳಿಗೇ ಕೊಡು. ಬೆರಳು ತೋರಿಸಲೇಬೇಕು ಅನ್ನಿಸಿದರೆ ಒಂದು ಸಲ ತೋರಿಸು, ಅದೂ ಅವಳು ಕೊನೆಗೆ ಬಾಗಿಲು ತೆರೆದಾಗ, ಅವಳ ಕಣ್ಣಿಗೆ ಬಿದ್ದ ಹಾಗೆ.

ಆ ಪಾತ್ರ ಮಾಡಿದ ಹೆಂಗಸು ಬಹಳ ದೊಡ್ಡ ಕಲಾವಿದೆ ಕಣೋ, ಅವರಿಗೆ ನೀನು ಕೆಲಸವನ್ನೇ ಕೊಟ್ಟಿಲ್ಲ. ಇನ್ನೊಂದು ದಿನ ಬಿಡುವು ಮಾಡಿಕೊಂಡು ಬರಲು ಸಾಧ್ಯವೇ ಎಂದು ಅವರನ್ನು ಕೇಳು. ಮನೆ ಬೇಕಾದರೆ ನಮ್ಮದೇ ಇದೆ, ನಡುಮನೆಗೂ ಹಿತ್ತಿಲಿಗೂ ಒಂದೇ ಗೋಡೆ. ಭಾನುವಾರ ಬಾ, ಜಾಗ ನೋಡಿಕೊಂಡು ಹೋಗುವೆಯಂತೆ.

ನಿನ್ನ ಅತ್ತೆ