ಚಿಪ್‌ನ ಹೆಸರಿಗೆ ಮರುಳಾಗಬೇಡಿ

ಕಾಲೇಜು ದಿನಗಳಲ್ಲಿ ಕೌಂಟರ್ ಸ್ಟ್ರೈಕ್ ಆಡಿ ಬಿಟ್ಟವರು ಈಗ ಮತ್ತೆ ಆಟಕ್ಕೆ ಮರಳುತ್ತಿದ್ದೀರಾ? ಸಂತೋಷ. ಆದರೆ ಲ್ಯಾಪ್‌ಟಾಪ್ ಕೊಳ್ಳುವಾಗ ಗ್ರಾಫಿಕ್ಸ್ ಚಿಪ್‌ನ ಹೆಸರೊಂದನ್ನೇ ನೋಡಿ ದುಡ್ಡು ಎಣಿಸಬೇಡಿ. ಆರ್‌ಟಿಎಕ್ಸ್ 4060 ಎಂಬ ಅದೇ ಚಿಪ್ ಒಂದು ಲ್ಯಾಪ್‌ಟಾಪಿನಲ್ಲಿ 35 ವ್ಯಾಟ್‌ಗೆ, ಇನ್ನೊಂದರಲ್ಲಿ 115 ವ್ಯಾಟ್‌ಗೆ ಓಡಬಹುದು. ವೇಗದಲ್ಲಿ ತುಂಬಾ ವ್ಯತ್ಯಾಸ. ಹಾಗಾಗಿ ವ್ಯಾಟ್ ಎಷ್ಟೆಂದು ಕೇಳಿಯೇ ಮುಂದುವರಿಯಿರಿ.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರೆ ಮುಂದೆ ಬದಲಿಸಲಾಗದು. ಹಾಸಿಗೆಯ ಮೇಲಿಟ್ಟು ಆಡಬೇಡಿ, ಗಾಳಿಕಿಂಡಿ ಮುಚ್ಚಿ ಬಿಸಿಯೇರಿದರೆ ವೇಗ ಕುಸಿಯುತ್ತದೆ. ಪೂರ್ತಿ ಬಲ ಬೇಕೆಂದರೆ ಚಾರ್ಜರ್ ಸಿಕ್ಕಿಸಿಯೇ ಆಡಿ.

ಎಲ್ಲಕ್ಕೂ ಮೊದಲು, ವಾರಕ್ಕೆ ಎಷ್ಟು ಹೊತ್ತು ಬಿಡುವಿದೆ ಎಂದು ಲೆಕ್ಕ ಹಾಕಿ. ಹಳೆಯ ಆಟಗಳಷ್ಟೇ ಬೇಕಿದ್ದರೆ ಮನೆಯಲ್ಲಿರುವ ಲ್ಯಾಪ್‌ಟಾಪೇ ಸಾಕಾದೀತು.