ಒಗೆತದ ಸಾಮಾನು ಇಡುವ ಜಾಗ: ಎಳೆಯ ಮಕ್ಕಳ ಹಾಗೂ ಸಾಕುಪ್ರಾಣಿಗಳ ರಕ್ಷಣೆ

ಒಂದೆರಡು ತಲೆಮಾರುಗಳ ಹಿಂದೆ ಗ್ರಾಮಗಳಲ್ಲಿ ಬಟ್ಟೆ ಒಗೆಯುವ ಕೆಲಸವು ಬಹುಮಟ್ಟಿಗೆ ಮನೆಯ ಹೊರಗೇ ನಡೆಯುತ್ತಿತ್ತು. ಕೆರೆಯ ಮೆಟ್ಟಿಲು, ಹಳ್ಳದ ಬಂಡೆ, ಬಾವಿಕಟ್ಟೆಗಳೇ ಒಗೆಯುವ ತಾಣಗಳಾಗಿದ್ದವು. ಅಂಟುವಾಳದ ಕಾಯಿ, ಚೌಳುಮಣ್ಣು, ಅನಂತರದ ದಿನಗಳಲ್ಲಿ ಒಂದು ಸಾಬೂನಿನ ಬಿಲ್ಲೆ, ಇಷ್ಟೇ ಒಗೆತದ ಸಾಮಗ್ರಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜಾರಿಗೊಂಡು, ನಲ್ಲಿಯು ಅಂಗಳಕ್ಕೆ ಬಂದಂತೆ ಒಗೆತವೂ ಅಂಗಳಕ್ಕೆ, ಬಚ್ಚಲುಮನೆಗೆ ಬಂದಿದೆ. ಹೆಂಗಸರ ದುಡಿಮೆಯ ಹೊರೆ ಇದರಿಂದ ಇಳಿದಿರುವುದು ಸಂತೋಷದ ಸಂಗತಿ. ಆದರೆ ನೀರಿನ ಜೊತೆಗೆ ಸೋಪಿನ ಪುಡಿ, ಬ್ಲೀಚಿಂಗ್ ಪೌಡರ್, ನೀಲಿ, ಫಿನಾಯಿಲ್, ಆಸಿಡ್ ಇವೆಲ್ಲವೂ ಒಗೆಯುವ ಕಲ್ಲಿನ ಪಕ್ಕದಲ್ಲಿ, ನೆಲದ ಮೇಲೆ ಕಾಯಂ ಆಗಿ ನೆಲೆಸಿವೆ. ಅಂಬೆಗಾಲಿಡುವ ಮಗುವಿನ ಕೈಗೂ ಮನೆಯ ನಾಯಿಯ ಮೂತಿಗೂ ಎಟುಕುವ ಎತ್ತರ ಅದೇ ಆಗಿದೆ. ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಮನೆಗಳಲ್ಲಿ ಇದರ ಬಗ್ಗೆ ತಿಳಿವಳಿಕೆ ಮೂಡಿಸಲು ನೆರವಾಗಲೆಂದು ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಅಪಾಯವು ಬಾಟಲಿಯಿಂದ ಆರಂಭವಾಗುತ್ತದೆ

ಬಹುಪಾಲು ಅವಘಡಗಳ ಹಿಂದೆ ಒಂದೇ ಬಗೆಯ ನಡವಳಿಕೆ ಕಂಡುಬರುತ್ತದೆ. ಸಂತೆಯಲ್ಲಿಯೋ ಬೀದಿಗೆ ಬರುವ ಗಾಡಿಯಲ್ಲಿಯೋ ಫಿನಾಯಿಲ್, ಆಸಿಡ್ ಮುಂತಾದವುಗಳನ್ನು ಬಿಡಿಯಾಗಿ ಕೊಳ್ಳಲಾಗುತ್ತದೆ. ತುಂಬಿಸಿಕೊಳ್ಳಲು ಮನೆಯಲ್ಲಿ ಸಿಗುವುದು ತಂಪು ಪಾನೀಯದ ಖಾಲಿ ಬಾಟಲಿ. ಸೋಪಿನ ಪುಡಿಗೆ ಬಿಸ್ಕತ್ತಿನ ಡಬ್ಬಿ, ನೀಲಿಗೆ ಔಷಧಿಯ ಸೀಸೆ. ಮಗುವಿಗೆ ಅಕ್ಷರ ಬಾರದು, ಆದರೆ ಬಾಟಲಿಯ ಆಕಾರ ಚೆನ್ನಾಗಿ ನೆನಪಿರುತ್ತದೆ. ಜಾತ್ರೆಯಲ್ಲಿ ಅಪ್ಪ ಕೊಡಿಸಿದ ಪಾನೀಯದ ಬಾಟಲಿಯೂ ಬಚ್ಚಲಿನ ಮೂಲೆಯಲ್ಲಿರುವ ಬಾಟಲಿಯೂ ಅದರ ಕಣ್ಣಿಗೆ ಒಂದೇ. ಮಬ್ಬುಗತ್ತಲಿನಲ್ಲಿ ಬಾಯಾರಿ ಬಂದ ದೊಡ್ಡವರೂ ಹೀಗೆ ಮೋಸಹೋಗುವುದುಂಟು. ಆದ್ದರಿಂದ ಒಂದೇ ಒಂದು ಮಾತನ್ನು ಮನೆಮನೆಗೆ ಮುಟ್ಟಿಸಲು ಸಾಧ್ಯವೆಂದಾದರೆ ಅದು ಇದಾಗಿರಲಿ: ತಿನ್ನುವ, ಕುಡಿಯುವ ಪದಾರ್ಥವಿದ್ದ ಪಾತ್ರೆಗೆ ಒಗೆತದ ಯಾವ ವಸ್ತುವನ್ನೂ ಸುರಿಯಬಾರದು.

ಆಸಿಡ್ ವಿಷಯದಲ್ಲಿ ಕಾನೂನಿನ ನಿರ್ಬಂಧವೂ ಇದೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದಂತೆ, ಕೊಳ್ಳುವವರ ಗುರುತಿನ ಚೀಟಿ ನೋಡಿ ವಹಿಯಲ್ಲಿ ದಾಖಲಿಸದೆ ಅಂಗಡಿಯವರು ಆಸಿಡ್ ಮಾರುವಂತಿಲ್ಲ. 18 ವರ್ಷ ತುಂಬದವರಿಗೆ ಮಾರುವಂತೆಯೇ ಇಲ್ಲ. ಆ ಆದೇಶದ ಉದ್ದೇಶ ಬೇರೆಯಾದರೂ, ಗಾಡಿಯ ಮೇಲಿನ ಬಿಡಿ ಮಾರಾಟವನ್ನು ಪ್ರಶ್ನಿಸಲು ಸದಸ್ಯರಿಗೆ ಅದು ಆಧಾರವಾಗುತ್ತದೆ.

ಯಾವುದು ಎಷ್ಟು ಅಪಾಯಕಾರಿ

ಎಲ್ಲವನ್ನೂ ಒಂದೇ ಸಮನಾಗಿ ಹೆದರಿಸಿ ಹೇಳಿದರೆ ಜನರು ಯಾವುದನ್ನೂ ನಂಬುವುದಿಲ್ಲ. ಸಾಮಾನ್ಯ ಸೋಪಿನ ಪುಡಿಯನ್ನು ಮಗು ಸ್ವಲ್ಪ ನೆಕ್ಕಿದರೆ ಹೆಚ್ಚಾಗಿ ವಾಂತಿ, ಬಾಯುರಿ ಆಗುತ್ತದೆ. ನೊರೆಯು ಶ್ವಾಸನಾಳಕ್ಕೆ ಹೋಗಿ ಕೆಮ್ಮು ಹತ್ತಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಾಸ್ಟಿಕ್ ಸೋಡಾ ಹಾಗಲ್ಲ. ಚರಂಡಿ ಕಟ್ಟಿದಾಗ ಬಳಸುವ ಪುಡಿಗಳಲ್ಲಿಯೂ ಇರುವ ಈ ಕ್ಷಾರವು ಅನ್ನನಾಳವನ್ನು ಆಳವಾಗಿ ಸುಡುತ್ತದೆ. ಬಾಯಿಯ ಒಳಗೆ ಗಾಯವೇ ಕಾಣದಿದ್ದರೂ ಒಳಗಡೆ ಸುಟ್ಟಿರಬಹುದು. ಗಾಯ ಮಾಯುವಾಗ ಅನ್ನನಾಳ ಕಿರಿದಾಗಿ, ಮಗುವಿಗೆ ಗಂಜಿಯೂ ಇಳಿಯದಂತಾಗಿ, ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದು ನಾಳವನ್ನು ಹಿಗ್ಗಿಸಿಕೊಳ್ಳಬೇಕಾದೀತು. ಕೂಲಿಯಿಂದ ಬದುಕುವ ಕುಟುಂಬವೊಂದು ಇದರಿಂದ ಚೇತರಿಸಿಕೊಳ್ಳುವುದು ಸುಲಭವಲ್ಲ.

ಬ್ಲೀಚಿಂಗ್ ಪೌಡರನ್ನೂ ಆಸಿಡನ್ನೂ ಒಂದೇ ಗೂಡಿನಲ್ಲಿ ಇಡುವುದು ಇನ್ನೊಂದು ತಪ್ಪು. ಇವೆರಡೂ ಬೆರೆತರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಅದು ದೊಡ್ಡವರ ಉಸಿರನ್ನೇ ಕಟ್ಟಿಸಬಲ್ಲದು.

ಟ್ರಂಕಿನಲ್ಲಿ ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯನ್ನು ಜನರು ವಿಷವೆಂದು ಎಣಿಸುವುದೇ ಇಲ್ಲ. ಬೆಳ್ಳಗೆ ದುಂಡಗಿರುವ ಅದು ಮಗುವಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ, ಹುಟ್ಟಿನಿಂದಲೇ ಒಂದು ಬಗೆಯ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಆ ಗುಳಿಗೆಯ ಜೊತೆಗಿಟ್ಟ ಬಟ್ಟೆಯನ್ನು ಹಾಗೆಯೇ ಹೊದಿಸಿದರೂ ಅಂಥ ಹಸುಗೂಸುಗಳಿಗೆ ಕಾಮಾಲೆ ತೀವ್ರವಾಗಬಹುದು. ಬಾಣಂತಿಯ ಮನೆಗಳಲ್ಲಿ ಹಳೆಯ ಮೆತ್ತನೆಯ ಸೀರೆಗಳನ್ನು ಟ್ರಂಕಿನಿಂದ ತೆಗೆದು ಮಗುವಿಗೆ ಸುತ್ತುವ ವಾಡಿಕೆ ಇರುವುದರಿಂದ, ಅವನ್ನು ಮೊದಲು ಒಗೆದು ಬಿಸಿಲಿಗೆ ಹಾಕುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸುವುದು ಅಗತ್ಯ.

ನೆಲುವಿನ ಪಾಠ

ಹಿಂದಿನ ಮನೆಗಳಲ್ಲಿ ಹಾಲು, ಮೊಸರು, ಬೆಣ್ಣೆಯನ್ನು ಬೆಕ್ಕಿಗೂ ಮಕ್ಕಳಿಗೂ ಎಟುಕದಂತೆ ನೆಲುವಿನಲ್ಲಿ ತೂಗುಹಾಕುತ್ತಿದ್ದರು. ಬೆಣ್ಣೆಗೆ ತೋರಿದ ಎಚ್ಚರವನ್ನು ಈಗ ಆಸಿಡ್ ಬಾಟಲಿಗೂ ತೋರಬೇಕಾಗಿದೆ. ಇದಕ್ಕಾಗಿ ಹೆಚ್ಚಿನ ಖರ್ಚು ಬೇಕಿಲ್ಲ. ಗೋಡೆಯಲ್ಲಿ ದೊಡ್ಡವರ ತಲೆಯ ಮಟ್ಟಕ್ಕಿಂತ ಮೇಲೆ ಒಂದು ಹಲಗೆ, ಅದರ ಮೇಲೆ ಚಿಲಕವಿರುವ ಹಳೆಯ ಪೆಟ್ಟಿಗೆ ಸಾಕು. ಎತ್ತರವೊಂದನ್ನೇ ನೆಚ್ಚಬಾರದು, ಮೂರು ವರ್ಷದ ಮಗು ಬಕೆಟ್ಟನ್ನು ಬೋರಲು ಹಾಕಿ ಹತ್ತಬಲ್ಲದು. ಆದ್ದರಿಂದ ಚಿಲಕ ಅಗತ್ಯ. ಒಗೆಯುವಾಗಲೂ ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕೆಳಗಿಳಿಸಿ, ಉಳಿದುದನ್ನು ಆಗಲೇ ಮುಚ್ಚಿಡಬೇಕು. ಮಗುವಿನ ಕೈಗೆ ಸಾಮಾನು ಸಿಗುವುದು ಹೆಚ್ಚಾಗಿ ಒಗೆತದ ನಡುವೆಯೇ, ತಾಯಿಯು ಬಟ್ಟೆ ಹರವಲು ಹಿತ್ತಲಿಗೆ ಹೋದ ಆ ಐದು ನಿಮಿಷಗಳಲ್ಲಿ.

ಆ ಐದು ನಿಮಿಷಗಳಲ್ಲಿ ಮತ್ತೊಂದು ಅಪಾಯವೂ ಇದೆ. ಅದು ವಿಷಕ್ಕಿಂತ ಬೇಗ ಜೀವ ತೆಗೆಯುತ್ತದೆ. ಎಳೆಯ ಮಗುವಿನ ತಲೆಯ ಭಾರ ದೇಹಕ್ಕೆ ಹೋಲಿಸಿದರೆ ಹೆಚ್ಚು. ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಬಾಗಿದ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು. ನಾಲ್ಕು ಬೆರಳಿನಷ್ಟು ನೀರು ಮುಳುಗಿಸಲು ಸಾಕು. ಕೂಗಾಟವಾಗಲಿ ಸದ್ದಾಗಲಿ ಇರುವುದಿಲ್ಲ. ರಾತ್ರಿಯಿಡೀ ಬಟ್ಟೆ ನೆನೆಸುವ ಮನೆಗಳಲ್ಲಿ ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ ಮೇಲ್ಭಾಗದಲ್ಲಿ ಚಿಲಕ ಹಾಕಬೇಕು. ಬಾಗಿಲಿಲ್ಲದಿದ್ದರೆ ನೆನೆಸಿದ ಬಕೆಟ್ಟನ್ನು ಮಗುವಿಗೆ ನಿಲುಕದ ಕಟ್ಟೆಯ ಮೇಲಿಡಬೇಕು. ಕೆಲಸ ಮುಗಿದ ಬಕೆಟ್ಟು ಬೋರಲಾಗಿಯೇ ಇರಬೇಕು.

ಸಾಕುಪ್ರಾಣಿಗಳು

ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ಫಿನಾಯಿಲ್ ಚೆಲ್ಲಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದರ ಹೊಟ್ಟೆಗೆ ವಿಷ ಸೇರುತ್ತದೆ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲವನ್ನು ನೀರಿನಿಂದ ತೊಳೆದು ಒಣಗುವವರೆಗೆ ಬೆಕ್ಕನ್ನು ಹೊರಗಿಡಬೇಕು. ಒಗೆಯುವ ಯಂತ್ರವಿರುವ ಮನೆಗಳಲ್ಲಿ ಬೆಚ್ಚಗಿನ ಬಟ್ಟೆಯ ರಾಶಿಯೊಳಗೆ ಬೆಕ್ಕಿನ ಮರಿ ಮಲಗಿರುವುದುಂಟು, ಗುಂಡಿ ಒತ್ತುವ ಮೊದಲು ಒಳಗೆ ಕೈಯಾಡಿಸಿ ನೋಡುವುದು ಒಳಿತು. ಯಂತ್ರದ ಬಾಗಿಲು ಯಾವಾಗಲೂ ಮುಚ್ಚಿರಲಿ, ಮಕ್ಕಳ ದೃಷ್ಟಿಯಿಂದಲೂ ಅದು ಸರಿ. ಕರುಗಳು ಉಪ್ಪಿನಾಸೆಗೆ ಸೋಡಾ ಪುಡಿಯನ್ನು ನೆಕ್ಕುತ್ತವೆ, ಬಾಯಾರಿದ ದನಗಳು ಸೋಪಿನ ನೀರಿಗೂ ಬಾಯಿ ಹಾಕುತ್ತವೆ. ತಂತಿಯ ಮೇಲಿನ ಬಟ್ಟೆ, ಸೋಪಿನ ಪುಡಿಯ ಖಾಲಿ ಪ್ಲಾಸ್ಟಿಕ್ ಚೀಲಗಳು ಮೇಕೆ ಮತ್ತು ದನಗಳ ಹೊಟ್ಟೆಯಲ್ಲಿ ಕರಗದೆ ಉಳಿದು ಮೇವು ನಿಲ್ಲಿಸುತ್ತವೆ. ಇಂಥ ಸಂದರ್ಭದಲ್ಲಿ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು.

ಅವಘಡವಾದಾಗ

ಮಗು ಏನನ್ನಾದರೂ ನುಂಗಿದೆಯೆಂದು ತಿಳಿದೊಡನೆ ಹಿರಿಯರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಮುಂದಾಗುತ್ತಾರೆ. ಇದು ಒಳ್ಳೆಯ ಮನಸ್ಸಿನಿಂದ ಮಾಡುವ ದೊಡ್ಡ ಅನಾಹುತ. ಒಳಗೆ ಹೋಗುವಾಗ ಸುಟ್ಟ ವಸ್ತುವು ವಾಂತಿಯಲ್ಲಿ ಹೊರಗೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ನಿಂಬೆಹುಳಿ, ಹುಣಸೆಹಣ್ಣಿನ ರಸ ಕುಡಿಸುವುದೂ ಸಲ್ಲದು. ಬಾಯಿಯಲ್ಲಿ ಉಳಿದುದನ್ನು ಒರೆಸಿ ತೆಗೆದು, ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಬೇಕು. ನುಂಗಿದ ವಸ್ತುವಿನ ಬಾಟಲಿ ಅಥವಾ ಪೊಟ್ಟಣವನ್ನು ಆಸ್ಪತ್ರೆಗೆ ಜೊತೆಯಲ್ಲಿಯೇ ಒಯ್ಯಬೇಕು; ವೈದ್ಯರಿಗೆ ಅದರಷ್ಟು ಉಪಯುಕ್ತವಾದ ಮಾಹಿತಿ ಬೇರೆ ಇಲ್ಲ. ಕಣ್ಣಿಗೆ ಬಿದ್ದಿದ್ದರೆ ಆಸ್ಪತ್ರೆಗೆ ಹೊರಡುವ ಮೊದಲೇ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಬೇಕು. ಮೈಮೇಲೆ ಬಿದ್ದಿದ್ದರೆ ಬಟ್ಟೆ ಕಳಚಿ, ಪುಡಿಯಾದರೆ ಮೊದಲು ಕೊಡವಿ, ಅನಂತರ ಧಾರಾಳವಾಗಿ ನೀರು ಸುರಿಯಬೇಕು.

ಪಂಚಾಯಿತಿಯ ಸ್ವಂತ ಉಗ್ರಾಣ

ಮನೆಗಳಿಗೆ ಬುದ್ಧಿ ಹೇಳುವ ಮೊದಲು ಪಂಚಾಯಿತಿಯು ತನ್ನ ಬ್ಲೀಚಿಂಗ್ ಪೌಡರ್ ಎಲ್ಲಿದೆಯೆಂದು ನೋಡಿಕೊಳ್ಳುವುದು ಲೇಸು. ಕುಡಿಯುವ ನೀರಿನ ಶುದ್ಧೀಕರಣಕ್ಕೆ ತರಿಸಿದ ಚೀಲವು ಬಾಯಿ ತೆರೆದು ಪಂಪ್‌ಹೌಸಿನಲ್ಲಿಯೋ ಅಂಗನವಾಡಿಯ ಮೂಲೆಯಲ್ಲಿಯೋ ಬಿದ್ದಿದ್ದರೆ ಎರಡು ಬಗೆಯ ನಷ್ಟವಿದೆ. ಮಕ್ಕಳಿಗೆ ಅಪಾಯ ಒಂದು. ಗಾಳಿ, ತೇವ, ಬಿಸಿಲಿಗೆ ಒಡ್ಡಿದ ಪುಡಿಯ ಕ್ಲೋರಿನ್ ಅಂಶ ಕುಗ್ಗಿ, ಅದನ್ನು ಬೆರೆಸಿದ ತೊಟ್ಟಿಯ ನೀರು ಶುದ್ಧವಾಗದೆ ಉಳಿಯುವುದು ಇನ್ನೊಂದು. ನೀರುಗಂಟಿಯು ಉಳಿದ ಪುಡಿಯನ್ನು ಬಟ್ಟೆ ಒಗೆಯಲೆಂದು ಮನೆಮನೆಗೆ ಕಾಗದದಲ್ಲಿ ಕಟ್ಟಿಕೊಡುವ ರೂಢಿ ಇದ್ದಲ್ಲಿ ಅದನ್ನು ನಿಲ್ಲಿಸಬೇಕು. ಪುಡಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಬೀಗವಿರುವ ಒಣ ಕೋಣೆಯಲ್ಲಿ ಇರಿಸಿ, ಬೀಗದ ಕೈ ಯಾರ ಬಳಿ ಇರುತ್ತದೆಂಬುದನ್ನು ದಾಸ್ತಾನು ವಹಿಯಲ್ಲಿ ಬರೆದಿಡಬೇಕು. ಕೂಸಿನ ಮನೆ, ಅಂಗನವಾಡಿ ಮತ್ತು ಶಾಲೆಯ ಶೌಚಾಲಯಗಳಲ್ಲಿರುವ ಫಿನಾಯಿಲ್, ಆಸಿಡ್ ಬಾಟಲಿಗಳಿಗೂ ಇದೇ ಕ್ರಮ ಅನ್ವಯಿಸಲಿ. ಮುಂದಿನ ಮಹಿಳಾ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡುವ ಮುನ್ನ, ಸದಸ್ಯರು ತಮ್ಮ ವಾರ್ಡಿನ ಅಂಗನವಾಡಿಗೆ ಒಮ್ಮೆ ಹೋಗಿ, ಮಗುವಿನ ಎತ್ತರಕ್ಕೆ ಕುಳಿತು, ಅಲ್ಲಿಂದ ಕೈಗೆ ಏನೇನು ಸಿಗುತ್ತದೆಂದು ಪಟ್ಟಿ ಮಾಡಿಕೊಂಡು ಬರಬೇಕು.